ಭಾನುವಾರದ ಗುಳಿಗೆ ಮತ್ತು ಸುಬ್ಬರಾಯರು

ಆಳಂದದ ನನ್ನ ಮನೆಯ ಗೂಡಿನಲ್ಲಿ ಎರಡು ಡಬ್ಬಿಗಳಿವೆ. ಒಂದರಲ್ಲಿರುವುದು ವಾರಕ್ಕೊಮ್ಮೆ, ಭಾನುವಾರ ಮಾತ್ರ ನುಂಗಬೇಕಾದ ಮೆಥೋಟ್ರೆಕ್ಸೇಟ್. ಇನ್ನೊಂದರಲ್ಲಿ ಅದರ ಉಪದ್ರವವನ್ನು ತಗ್ಗಿಸುವ ಫೋಲಿಕ್ ಆಮ್ಲ. ಸಂಧಿವಾತದಿಂದ ಬೆರಳು ಸೆಟೆದು ಸೀಮೆಸುಣ್ಣ ಹಿಡಿಯಲಾರದೆ ಹೋಗಿದ್ದ ನನಗೆ ಇವು ಕೈಯನ್ನು ಮರಳಿ ಕೊಟ್ಟವು. ಎರಡೂ ಒಂದೇ ಪ್ರಯೋಗಶಾಲೆಯ ಕೂಸುಗಳೆಂದು ನನಗೆ ತಿಳಿದದ್ದು ತೀರ ತಡವಾಗಿ. ಆ ಶಾಲೆಯ ಯಜಮಾನರು ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು.

ಅವರು 1895ರಲ್ಲಿ ಗೋದಾವರಿ ಸೀಮೆಯ ಭೀಮವರದಲ್ಲಿ ಹುಟ್ಟಿದರು. ಮೆಟ್ರಿಕ್ಯುಲೇಷನ್ ಮೂರನೆಯ ಸಲಕ್ಕೆ ಕೈಗೂಡಿತು. ಉಪಾಧ್ಯಾಯರಾದ ನಾವು ಇದನ್ನು ಮರೆಯಬಾರದು. ಮದರಾಸಿನ ವೈದ್ಯ ಕಾಲೇಜಿನಲ್ಲಿ ಖಾದಿಯ ನಿಲುವಂಗಿ ತೊಟ್ಟು ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಗುರಿಯಾಗಿ, ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರವನ್ನಷ್ಟೇ ಪಡೆದರು. ಇಬ್ಬರು ಸಹೋದರರು ಸಂಗ್ರಹಣಿಯನ್ನು ಹೋಲುವ ಸ್ಪ್ರೂ ಎಂಬ ಬೇನೆಗೆ ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಅದೇ ಬೇನೆ ಅವರನ್ನೂ ಹಿಡಿಯಿತು. ಆಯುರ್ವೇದ ಪಂಡಿತ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಬದುಕಿದರು.

1922ರಲ್ಲಿ ಮಡದಿಯನ್ನು ಬಿಟ್ಟು ಬಾಸ್ಟನ್ನಿಗೆ ಹೋದವರು ಮತ್ತೆ ತಾಯ್ನಾಡಿಗೆ ಬರಲಿಲ್ಲ. ಹಗಲು ಓದು, ರಾತ್ರಿ ಆಸ್ಪತ್ರೆಯಲ್ಲಿ ಕೂಲಿ. ರಂಜಕವನ್ನು ಅಳೆಯುವ ವಿಧಾನವೊಂದನ್ನು ಫಿಸ್ಕೆಯೊಡನೆ 1925ರಲ್ಲಿ ಪ್ರಕಟಿಸಿದರು. 1940ರಲ್ಲಿ ಲೆಡರ್ಲೆ ಸಂಸ್ಥೆಯನ್ನು ಸೇರಿದ ಮೇಲೆ ಅವರ ಬಳಗ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು. ಆ ಅಣುವನ್ನೇ ತುಸು ತಿದ್ದಿದಾಗ ಜೀವಕೋಶಗಳಿಗೆ ಫೋಲಿಕ್ ಆಮ್ಲ ದಕ್ಕದಂತೆ ತಡೆಯುವ ವಸ್ತುಗಳು ದೊರೆತವು. 1947ರಲ್ಲಿ ಸಿಡ್ನಿ ಫಾರ್ಬರ್ ಅವನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ಸಂಧಿವಾತಕ್ಕೆ ಅಮೆರಿಕದ ಸಮ್ಮತಿ ಸಿಕ್ಕಿದ್ದು 1988ರಲ್ಲಿ.

ಈ ಮದ್ದು ದೇಹವು ತನ್ನ ಮೇಲೆಯೇ ಹೂಡಿದ ಯುದ್ಧವನ್ನು ಶಮನಗೊಳಿಸುತ್ತದೆ. ಆದರೆ ಕಾವಲುಗಾರರ ಕೈಯನ್ನೂ ಕಟ್ಟುತ್ತದೆ. ಒಂದು ಮಳೆಗಾಲದಲ್ಲಿ ಕೆಮ್ಮು ಜ್ವರಗಳಿದ್ದರೂ ಅಭ್ಯಾಸಬಲದಿಂದ ಭಾನುವಾರದ ಗುಳಿಗೆಯನ್ನು ನುಂಗಿದೆನು. ಮೂರನೆಯ ದಿನ ಉಸಿರು ಹತ್ತಲಿಲ್ಲ. ಕಲಬುರಗಿಯ ವೈದ್ಯರು ರಕ್ತಕಣಗಳನ್ನು ಎಣಿಸಿ, ಸೋಂಕು ಇಳಿಯುವವರೆಗೆ ಗುಳಿಗೆಯನ್ನು ನಿಲ್ಲಿಸಿ, ಬೇರೆ ಮದ್ದು ಕೊಟ್ಟರು. ಅದಕ್ಕೂ ಮುನ್ನ ಊರಿನ ಅಂಗಡಿಯವರೊಬ್ಬರು ಸಲ್ಫಾ ಮತ್ತು ಟ್ರೈಮೆಥೋಪ್ರಿಮ್ ಬೆರೆತ ಗುಳಿಗೆಯನ್ನು ಕಟ್ಟಿಕೊಟ್ಟಿದ್ದರು. ಪುಣ್ಯಕ್ಕೆ ನಾನದನ್ನು ಬಾಯಿಗಿಡಲಿಲ್ಲ. ಅದೂ ಫೋಲಿಕ್ ಆಮ್ಲದ ದಾರಿಯನ್ನೇ ಕಟ್ಟುವುದರಿಂದ ಎರಡೂ ಕೂಡಿದರೆ ರಕ್ತಕಣಗಳು ಅಪಾಯಕರವಾಗಿ ಕುಸಿಯಬಲ್ಲವು.

ಸೋಂಕಿನ ವಿಷಯದಲ್ಲಿಯೂ ಸುಬ್ಬರಾಯರ ಋಣವಿದೆ. ಎಪ್ಪತ್ತು ದಾಟಿದ ಸಸ್ಯಶಾಸ್ತ್ರಜ್ಞ ಡಗ್ಗರ್ ಅವರ ವಿಭಾಗದಲ್ಲಿಯೇ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ತೆಗೆದರು. 1948ರಲ್ಲಿ ಅದು ಲೋಕಕ್ಕೆ ಬಂತು. ಟೆಟ್ರಾಸೈಕ್ಲಿನ್ ವಂಶಕ್ಕೆ ಅದೇ ಮೂಲಪುರುಷ. ಆನೆಕಾಲು ರೋಗದ ಡಿ.ಇ.ಸಿ. ಔಷಧವೂ ಅಲ್ಲಿಂದಲೇ ಹೊರಟಿತು. ಅಫಜಲಪುರ, ಜೇವರ್ಗಿಗಳಲ್ಲಿ ಪಾಠ ಹೇಳುತ್ತಿದ್ದಾಗ ಊದಿದ ಕಾಲನ್ನೆಳೆಯುತ್ತ ಮಕ್ಕಳನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಿಗಳನ್ನು ಕಂಡಿದ್ದೇನೆ.

1948ರ ಆಗಸ್ಟಿನಲ್ಲಿ, ಐವತ್ತಮೂರರ ವಯಸ್ಸಿನಲ್ಲಿ, ಸುಬ್ಬರಾಯರು ನಿದ್ರೆಯಲ್ಲಿಯೇ ತೀರಿಕೊಂಡರು. ಆಗ ನಮ್ಮ ಈ ಮೂರೂ ತಾಲೂಕುಗಳು ಇನ್ನೂ ನಿಜಾಮನ ಆಳ್ವಿಕೆಯಲ್ಲಿದ್ದವು.

ಡಿ.ಇ.ಸಿ. ಹಂಚಲು ಬಂದ ಆರೋಗ್ಯ ಕಾರ್ಯಕರ್ತೆ ಬಾಗಿಲಲ್ಲಿಯೇ ನಿಂತು, ಮನೆಯಲ್ಲಿ ಬೇರೆ ಯಾವ ಔಷಧ ನಡೆದಿದೆಯೆಂದು ವಿಚಾರಿಸಿದಳು. ನಾನು ಗೂಡಿನಿಂದ ಎರಡೂ ಡಬ್ಬಿಗಳನ್ನು ತಂದು ತೋರಿಸಿದೆನು.