ಜಿಟಿಒ ಗರ್ಜನೆಯ ಹಿಂದಿನ ಜಾನ್ ಡಿಲೋರಿಯನ್

ಅಮೆರಿಕದ ಡೆಟ್ರಾಯಿಟ್ ನಗರದಿಂದ ಪಾಂಟಿಯಾಕ್ ಪಟ್ಟಣದವರೆಗೆ ಸಾಗುವ ಹೆದ್ದಾರಿಯ ಹೆಸರು ವುಡ್‌ವರ್ಡ್ ಅವೆನ್ಯೂ. ಆಗಸ್ಟ್ ತಿಂಗಳಿನಲ್ಲಿ ಇಲ್ಲಿ ಹಳೆಯ ಕಾರುಗಳ ಜಾತ್ರೆಯೊಂದು ನೆರೆಯುತ್ತದೆ. 1995ರಲ್ಲಿ ಆರಂಭವಾದ ಈ ಜಾತ್ರೆಯಲ್ಲಿ ತಲೆ ನರೆತ ಮಾಲೀಕರು ಮಡಿಸುವ ಕುರ್ಚಿಗಳನ್ನು ರಸ್ತೆಯ ಬದಿಗೆ ಹಾಕಿಕೊಂಡು, ಬಾನೆಟ್ ತೆರೆದಿಟ್ಟು, ಎಂಜಿನ್‌ಗಳ ಗುಣಗಾನದಲ್ಲಿ ದಿನ ಕಳೆಯುತ್ತಾರೆ. ಈಗಿನ ಕಾರುಗಳಿಗೆ ಜೀವವಿಲ್ಲ, ಎಲ್ಲವೂ ಒಂದೇ ಅಚ್ಚಿನವು, ಸದ್ದೂ ಇಲ್ಲ, ಸೊಗಸೂ ಇಲ್ಲ ಎಂಬುದು ಅವರ ದೂರು. ಅವರ ಪಾಲಿಗೆ 1964ರಿಂದ 1970ರ ನಡುವಿನ ಆರೇಳು ವರ್ಷಗಳೇ ಸುವರ್ಣಯುಗ.

ಆ ಯುಗಕ್ಕೆ ನಾಂದಿ ಹಾಡಿದವರಲ್ಲಿ ಮೊದಲು ಕೇಳಿಬರುವ ಹೆಸರು ಜಾನ್ ಜಕಾರಿ ಡಿಲೋರಿಯನ್.

ಡಿಲೋರಿಯನ್ ಹುಟ್ಟಿದ್ದು 1925ರ ಜನವರಿ 6ರಂದು, ಡೆಟ್ರಾಯಿಟ್‌ನಲ್ಲಿಯೇ. ತಂದೆ ರೊಮೇನಿಯಾದಿಂದ ವಲಸೆ ಬಂದವನು. ಫೋರ್ಡ್ ಕಾರ್ಖಾನೆಯ ಎರಕದ ಮನೆಯಲ್ಲಿ ಕೂಲಿ. ಕುಡಿತ ಮತ್ತು ಸಿಟ್ಟು ಆತನ ಸಂಸಾರವನ್ನು ಮುರಿದವು. ನಾಲ್ವರು ಗಂಡುಮಕ್ಕಳಲ್ಲಿ ಜಾನ್ ಹಿರಿಯ. ಓದಿನಲ್ಲಿ ಚುರುಕಾಗಿದ್ದ ಹುಡುಗ ವಿದ್ಯಾರ್ಥಿವೇತನ ಪಡೆದು ಲಾರೆನ್ಸ್ ತಾಂತ್ರಿಕ ಸಂಸ್ಥೆ ಸೇರಿದ. ನಡುವೆ ಮಹಾಯುದ್ಧದ ಕರೆ ಬಂದು ಸೈನ್ಯಕ್ಕೆ ಹೋಗಿ ಮರಳಿದ. 1948ರಲ್ಲಿ ಪದವಿ, 1952ರಲ್ಲಿ ಕ್ರೈಸ್ಲರ್ ಸಂಸ್ಥೆಯ ಶಾಲೆಯಿಂದ ಆಟೊಮೊಬೈಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ. ನಾಲ್ಕು ವರ್ಷ ಪ್ಯಾಕರ್ಡ್ ಕಂಪನಿಯಲ್ಲಿ ದುಡಿದು, 1956ರಲ್ಲಿ ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ವಿಭಾಗಕ್ಕೆ ಕಾಲಿಟ್ಟ. 1961ರ ವೇಳೆಗೆ ಆ ವಿಭಾಗದ ಮುಖ್ಯ ಎಂಜಿನಿಯರ್ ಆಗಿದ್ದ.

ಜನರಲ್ ಮೋಟಾರ್ಸ್ ಆಗ ಜಗತ್ತಿನ ಅತಿದೊಡ್ಡ ಕಾರು ಸಂಸ್ಥೆ. ಅದರ ಆಡಳಿತ ಮಂಡಳಿ 1963ರ ಆರಂಭದಲ್ಲಿ ತನ್ನೆಲ್ಲ ವಿಭಾಗಗಳಿಗೂ ಮೋಟಾರು ಪಂದ್ಯಗಳಿಂದ ದೂರವಿರುವಂತೆ ಕಟ್ಟಪ್ಪಣೆ ಮಾಡಿತು. ಇನ್ನೊಂದು ನಿಯಮವೂ ಇತ್ತು: ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದು. ಪಂದ್ಯದ ಗೆಲುವುಗಳಿಂದಲೇ ಹೆಸರು ಮಾಡಿದ್ದ ಪಾಂಟಿಯಾಕ್‌ಗೆ ಇದು ಉಸಿರು ಕಟ್ಟಿದ ಸ್ಥಿತಿ.

ಪರಿಹಾರ ದೊರೆತದ್ದು ಎಂಜಿನಿಯರುಗಳ ಹರಟೆಯಲ್ಲಿ. ಬಿಲ್ ಕಾಲಿನ್ಸ್ ಮತ್ತು ರಸೆಲ್ ಗೀ ಎಂಬ ಸಹೋದ್ಯೋಗಿಗಳೊಡನೆ ಹೊಸ ಟೆಂಪೆಸ್ಟ್ ಕಾರಿನ ಪರಿಶೀಲನೆ ನಡೆದಿದ್ದಾಗ ಒಂದು ಸಂಗತಿ ಹೊಳೆಯಿತು. ಆ ಕಾರಿಗೆ ಕೂಡಿಸುತ್ತಿದ್ದ 326 ಘನ ಅಂಗುಲದ ಎಂಜಿನ್ ಇರುವ ಜಾಗದಲ್ಲಿಯೇ, ಅದೇ ಆಧಾರಗಳ ಮೇಲೆ, ದೊಡ್ಡ ಪಾಂಟಿಯಾಕ್ ಕಾರುಗಳ 389 ಘನ ಅಂಗುಲದ ಎಂಜಿನ್ ಸಲೀಸಾಗಿ ಕೂರುತ್ತದೆ! 389 ಘನ ಅಂಗುಲವೆಂದರೆ ಸುಮಾರು 6.4 ಲೀಟರ್. ನಮ್ಮ ನಗರಗಳಲ್ಲಿ ಓಡಾಡುವ ಸಾಧಾರಣ ಸಣ್ಣ ಕಾರಿನ ಎಂಜಿನ್ 1.2 ಲೀಟರಿನದು ಎಂಬುದನ್ನು ನೆನೆದರೆ ಗಾತ್ರದ ಅಂದಾಜು ಸಿಗುತ್ತದೆ.

ನಿಯಮವನ್ನು ದಾಟಿದ ಬಗೆ ಇನ್ನೂ ಜಾಣತನದ್ದು. ಹೊಸ ಮಾದರಿಯೆಂದು ಹೆಸರಿಸಿದ್ದರೆ ಮೇಲಿನವರ ಮಂಜೂರಾತಿ ಬೇಕಿತ್ತು. ಆದ್ದರಿಂದ ಇದನ್ನು ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 295 ಡಾಲರ್ ಹೆಚ್ಚು ತೆತ್ತು ಪಡೆಯಬಹುದಾದ ಐಚ್ಛಿಕ ಸೌಲಭ್ಯವೆಂದು ಪಟ್ಟಿಯಲ್ಲಿ ಸೇರಿಸಲಾಯಿತು. ಜಿಟಿಒ ಎಂಬ ಹೆಸರನ್ನು ಇಟಲಿಯ ಫೆರಾರಿಯಿಂದ ಸಂಕೋಚವಿಲ್ಲದೆ ಎತ್ತಿಕೊಂಡದ್ದಾಯಿತು. ವಿಭಾಗದ ಮುಖ್ಯಸ್ಥ ಪೀಟ್ ಎಸ್ಟೆಸ್ ಒಪ್ಪಿದರು. ಮಾರಾಟ ವಿಭಾಗದವರು ಅರೆಮನಸ್ಸಿನಿಂದ 5,000 ಕಾರುಗಳಿಗೆ ಸೈ ಎಂದರು. ಮೊದಲ ವರ್ಷವೇ 32,450 ಮಾರಾಟವಾದವು. 1966ರಲ್ಲಿ ಆ ಸಂಖ್ಯೆ 96,946ಕ್ಕೇರಿತು. ಇಷ್ಟು ಮಾರಾಟವಾಗುವ ಸರಕನ್ನು ನಿಯಮದ ನೆಪದಲ್ಲಿ ತಡೆಯಲು ಯಾವ ಆಡಳಿತ ಮಂಡಳಿಗೆ ಮನಸ್ಸಾದೀತು?

ಮಸಲ್ ಕಾರು ಎಂಬ ಬಗೆ ಹೀಗೆ ಬೆಳಕಿಗೆ ಬಂತು: ಸಾಮಾನ್ಯ ಬೆಲೆಯ, ಮಧ್ಯಮ ಗಾತ್ರದ ಕಾರಿನೊಳಗೆ ದೈತ್ಯ ಎಂಜಿನ್. ಇಂಥ ಪ್ರಯೋಗ ಅದಕ್ಕೆ ಮುಂಚೆಯೂ ನಡೆದಿತ್ತೆಂದು ವಾದಿಸುವವರಿದ್ದಾರೆ. ಆದರೆ ಯುವಜನರ ಜೇಬಿಗೆ ಎಟುಕುವಂತೆ ಮಾಡಿ ಜ್ವರದಂತೆ ಹರಡಿದ್ದು ಜಿಟಿಒ. ಫೋರ್ಡ್, ಕ್ರೈಸ್ಲರ್, ಶೆವ್ರೊಲೆಗಳೆಲ್ಲ ಬೆನ್ನು ಹತ್ತಿದವು.

ಹಳೆಯ ಕಾರುಗಳ ಆರಾಧಕರು ಮರೆಯಲಿಚ್ಛಿಸುವ ಕೆಲವು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. 1964ರ ಮಾರ್ಚ್‌ನಲ್ಲಿ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಪಾಂಟಿಯಾಕ್ ಜಿಟಿಒವನ್ನು ಫೆರಾರಿಗೆ ಹೋಲಿಸಿ ಹೊಗಳಿದಾಗ ಅದರ ಕೀರ್ತಿ ಮುಗಿಲು ಮುಟ್ಟಿತು. ಪರೀಕ್ಷೆಗೆಂದು ಕೊಟ್ಟ ಕಾರಿನಲ್ಲಿ ಇದ್ದದ್ದು ಗ್ರಾಹಕರಿಗೆ ಸಿಗುತ್ತಿದ್ದ ಎಂಜಿನ್ ಅಲ್ಲ, 421 ಘನ ಅಂಗುಲದ ಇನ್ನೂ ದೊಡ್ಡ ಎಂಜಿನ್ ಎಂದು ಪಾಂಟಿಯಾಕ್ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ತರುವಾಯ ಒಪ್ಪಿಕೊಂಡರು. ಆಗಿನ 325 ಅಶ್ವಶಕ್ತಿಯ ಲೆಕ್ಕವೂ ಹಾಗೆಯೇ. ಸೈಲೆನ್ಸರ್ ಮುಂತಾದ ಭಾರಗಳನ್ನೆಲ್ಲ ಕಳಚಿಟ್ಟು ಬರಿಯ ಎಂಜಿನ್‌ನಿಂದ ಅಳೆದ ಅಂಕಿ ಅದು. 1972ರಲ್ಲಿ ಅಳತೆಯ ಕ್ರಮ ಬದಲಾದಾಗ ಅಮೆರಿಕದ ಕಾರುಗಳ ಅಶ್ವಶಕ್ತಿ ಕಾಗದದ ಮೇಲೆ ಒಮ್ಮೆಗೇ ಕುಸಿಯಿತು.

ಇನ್ನು ಸುರಕ್ಷತೆ. ಆ ರಭಸವನ್ನು ತಡೆಯಲು ಮೊದಲ ಜಿಟಿಒಗೆ ಇದ್ದದ್ದು ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್. ಏರ್‌ಬ್ಯಾಗ್ ಇಲ್ಲ, ಗಾಲಿ ಜಾರದಂತೆ ತಡೆಯುವ ಉಪಕರಣವಿಲ್ಲ. ಜಿಟಿಒ ಅತಿ ಹೆಚ್ಚು ಮಾರಾಟವಾದ 1966ರಲ್ಲಿಯೇ ಅಮೆರಿಕದ ರಸ್ತೆಗಳಲ್ಲಿ ಸತ್ತವರು 50 ಸಾವಿರಕ್ಕೂ ಅಧಿಕ. ವಾಹನಗಳು ಓಡಿದ ಪ್ರತಿ 10 ಕೋಟಿ ಮೈಲಿಗೆ ಆ ವರ್ಷ ಸುಮಾರು ಐದೂವರೆ ಸಾವು. ಇತ್ತೀಚಿನ ವರ್ಷಗಳಲ್ಲಿ ಅದು ಒಂದೂಕಾಲರ ಆಸುಪಾಸು. ಜೀವವಿಲ್ಲವೆಂದು ಹಳಿಸಿಕೊಳ್ಳುವ ಈಗಿನ ಕಾರುಗಳು ಒಳಗೆ ಕುಳಿತವರ ಜೀವವನ್ನಂತೂ ಚೆನ್ನಾಗಿ ಕಾಯುತ್ತಿವೆ.

ಜಿಟಿಒ ಯಶಸ್ಸು ಡಿಲೋರಿಯನ್‌ನನ್ನು 1965ರಲ್ಲಿ, ನಲವತ್ತರ ಹರೆಯದಲ್ಲಿ, ಪಾಂಟಿಯಾಕ್ ಮುಖ್ಯಸ್ಥನನ್ನಾಗಿಸಿತು. ಸಂಸ್ಥೆಯ ವಿಭಾಗಗಳ ಮುಖ್ಯಸ್ಥರಲ್ಲಿ ಆತನೇ ಕಿರಿಯ. 1969ರಲ್ಲಿ ಶೆವ್ರೊಲೆ, 1972ರಲ್ಲಿ ಕಾರು ಮತ್ತು ಟ್ರಕ್ ವಿಭಾಗಗಳೆಲ್ಲದರ ಉಸ್ತುವಾರಿ. ಬೂದು ಸೂಟಿನ ಹಿರಿಯರ ನಡುವೆ ಉದ್ದ ಕೂದಲು, ಸಿನಿಮಾ ನಂಟು, ಮೇಲಿಂದ ಮೇಲೆ ಮದುವೆ. 1973ರ ಏಪ್ರಿಲ್‌ನಲ್ಲಿ ಆತ ಸಂಸ್ಥೆಯಿಂದ ಹೊರನಡೆದ. ಅದೇ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ವಿಮೆಯ ದುಬಾರಿ ಕಂತು ಹಾಗೂ 1970ರ ವಾಯುಮಾಲಿನ್ಯ ಕಾಯಿದೆಗಳಿಂದ ಮೊದಲೇ ಬಳಲಿದ್ದ ಮಸಲ್ ಕಾರುಗಳಿಗೆ ಅದು ಕೊನೆಯ ಪೆಟ್ಟು. 1974ರ ಮಾದರಿಯೊಂದಿಗೆ ಜಿಟಿಒ ನಿಂತಿತು.

ತನ್ನದೇ ಹೆಸರಿನ ಕಾರು ಮಾಡಬೇಕೆಂಬ ಹಂಬಲದಿಂದ ಡಿಲೋರಿಯನ್ 1975ರಲ್ಲಿ ಕಂಪನಿ ಕಟ್ಟಿದ. ಗಲಭೆ ಮತ್ತು ನಿರುದ್ಯೋಗಗಳಿಂದ ಬೆಂದಿದ್ದ ಉತ್ತರ ಐರ್ಲೆಂಡ್‌ನಲ್ಲಿ ಕಾರ್ಖಾನೆ ತೆರೆಯುವುದಾದರೆ ಹಣ ಕೊಡಲು ಬ್ರಿಟಿಷ್ ಸರ್ಕಾರ ಮುಂದೆ ಬಂತು. ಬೆಲ್‌ಫಾಸ್ಟ್ ಹೊರವಲಯದ ಡನ್‌ಮರಿಯಲ್ಲಿ 1978ರ ಅಕ್ಟೋಬರ್‌ನಲ್ಲಿ ನಿರ್ಮಾಣ ಆರಂಭವಾಯಿತು. ಪರಸ್ಪರ ಮುಖ ನೋಡದ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಕೇರಿಗಳ ಎರಡೂವರೆ ಸಾವಿರದಷ್ಟು ಜನ ಅಲ್ಲಿ ಒಂದೇ ಸೂರಿನಡಿ ದುಡಿದರು. ಬಹುತೇಕರು ಅದುವರೆಗೆ ಕಾರು ಕಟ್ಟಿದವರಲ್ಲ. ಈ ಕಥೆಯಲ್ಲಿ ನಿಜಕ್ಕೂ ಮರುಕಪಡಬೇಕಾದವರು ಅವರು.

1981ರಲ್ಲಿ ಹೊರಬಂದ ಡಿಎಂಸಿ-12 ನೋಡಲು ಬೆರಗು ಹುಟ್ಟಿಸುವಂತಿತ್ತು. ಬಣ್ಣ ಬಳಿಯದ ಸ್ಟೇನ್‌ಲೆಸ್ ಉಕ್ಕಿನ ಮೈ, ಹಕ್ಕಿಯ ರೆಕ್ಕೆಯಂತೆ ಮೇಲೇಳುವ ಬಾಗಿಲು. ಓಟ ಮಾತ್ರ ಸಪ್ಪೆ. ಜಿಟಿಒ ಮಾಡಿದವನ ಕಾರಿಗೆ ಇದ್ದದ್ದು 130 ಅಶ್ವಶಕ್ತಿ! ಸುಮಾರು 25 ಸಾವಿರ ಡಾಲರ್ ಕೊಟ್ಟು ಕೊಳ್ಳುವವರು ಆರ್ಥಿಕ ಹಿಂಜರಿತದ ಆ ದಿನಗಳಲ್ಲಿ ಬೇಕಾದಷ್ಟು ಸಿಗಲಿಲ್ಲ. 1982ರ ಫೆಬ್ರವರಿಯಲ್ಲಿ ಕಂಪನಿ ನ್ಯಾಯಿಕ ಆಡಳಿತಗಾರರ ಕೈಸೇರಿತು; ಅಕ್ಟೋಬರ್‌ನಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ತಯಾರಾದ ಕಾರುಗಳು ಸುಮಾರು 9 ಸಾವಿರ. ಮುಳುಗಿದ ಸಾರ್ವಜನಿಕ ಹಣ 7 ಕೋಟಿ ಪೌಂಡ್‌ಗೂ ಮಿಗಿಲು.

ಅದೇ ಅಕ್ಟೋಬರ್ 19ರಂದು ಲಾಸ್ ಏಂಜಲೀಸ್‌ನಲ್ಲಿ ಡಿಲೋರಿಯನ್ ಬಂಧನವಾಯಿತು. ಕಂಪನಿಯನ್ನು ಉಳಿಸಲು ಕೊಕೇನ್ ವ್ಯವಹಾರಕ್ಕೆ ಕೈ ಹಾಕಿದನೆಂಬುದು ಆರೋಪ. ಸರ್ಕಾರಿ ಗೂಢಚಾರರೇ ಆತನನ್ನು ಬಲೆಗೆ ಎಳೆದರೆಂಬ ವಕೀಲರ ವಾದಕ್ಕೆ ಮನ್ನಣೆ ದೊರೆತು 1984ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಕಂಪನಿಯ ಹಣ ಅಡ್ಡದಾರಿ ಹಿಡಿದ ಪ್ರಕರಣದಲ್ಲಿಯೂ 1986ರಲ್ಲಿ ಡೆಟ್ರಾಯಿಟ್ ನ್ಯಾಯಾಲಯ ಆತನನ್ನು ಖುಲಾಸೆಗೊಳಿಸಿತು. ಆದರೆ ಅದೇ ಹಣದ ವಿಚಾರದಲ್ಲಿ ಲೋಟಸ್ ಕಂಪನಿಯ ಫ್ರೆಡ್ ಬುಶೆಲ್ 1992ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜೈಲು ಕಂಡರು. ನಿಯಮದ ಸಂದಿಯಲ್ಲಿ ನುಸುಳಿ ಜಿಟಿಒ ತಂದ ಅದೇ ಚಾಳಿ ಇಲ್ಲಿ ಎಷ್ಟು ದೂರ ಹೋಯಿತೆಂಬ ಪ್ರಶ್ನೆ ಡಿಲೋರಿಯನ್‌ನನ್ನು ಬಿಡಲೇ ಇಲ್ಲ.

1985ರ ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದಲ್ಲಿ ಕಾಲಯಂತ್ರವಾಗಿ ಕಾಣಿಸಿಕೊಂಡ ಡಿಎಂಸಿ-12, ಮಾರುಕಟ್ಟೆಯಲ್ಲಿ ಸಿಗದ ಪ್ರೀತಿಯನ್ನು ತೆರೆಯ ಮೇಲೆ ಗಳಿಸಿತು. ಚಿತ್ರದಲ್ಲಿ ಕಾಲಪ್ರಯಾಣಕ್ಕೆ ಗಂಟೆಗೆ 88 ಮೈಲಿ ವೇಗ ಬೇಕು. ಅಸಲಿ ಕಾರಿನ ವೇಗಮಾಪಕ 85ಕ್ಕೇ ಮುಗಿಯುತ್ತಿತ್ತು. ಚಿತ್ರ ಮಾಡಿದವರಿಗೆ ಡಿಲೋರಿಯನ್ ಕೃತಜ್ಞತೆಯ ಪತ್ರ ಬರೆದಿದ್ದ. ಸಾಲಗಾರರ ಕಾಟದಿಂದ 1999ರಲ್ಲಿ ದಿವಾಳಿ ಅರ್ಜಿ ಹಾಕಿ, ನ್ಯೂಜೆರ್ಸಿಯ ಎಸ್ಟೇಟ್ ಕಳೆದುಕೊಂಡ. ಆ ಜಾಗದಲ್ಲಿ ಈಗ ಡೊನಾಲ್ಡ್ ಟ್ರಂಪ್ ಅವರ ಗಾಲ್ಫ್ ಕ್ಲಬ್ ಇದೆ. 2005ರ ಮಾರ್ಚ್ 19ರಂದು, 80ರ ವಯಸ್ಸಿನಲ್ಲಿ ಆತ ತೀರಿಕೊಂಡ.

ಆಸ್ಟ್ರೇಲಿಯಾದ ಕಾರೊಂದಕ್ಕೆ ಜಿಟಿಒ ಹೆಸರಿಟ್ಟು 2004ರಲ್ಲಿ ಮತ್ತೆ ಮಾರಲು ಹೊರಟ ಜನರಲ್ ಮೋಟಾರ್ಸ್ ಮೂರು ಮಾದರಿ ವರ್ಷಗಳಲ್ಲಿಯೇ ಕೈಬಿಟ್ಟಿತು. ಹಳೆಯದಕ್ಕಿಂತ ಎಲ್ಲದರಲ್ಲಿಯೂ ಮೇಲಾಗಿದ್ದ ಅದನ್ನು ಅಭಿಮಾನಿಗಳು ರೂಪದಲ್ಲಿ ಸಪ್ಪೆಯೆಂದು ತಳ್ಳಿಹಾಕಿದರು. 2010ರಲ್ಲಿ ಪಾಂಟಿಯಾಕ್ ಹೆಸರೇ ಅಳಿಯಿತು. 2024ರಲ್ಲಿ ಬಂದ ಡಾಜ್ ಚಾರ್ಜರ್ ವಿದ್ಯುತ್ ಕಾರಿಗೆ ಹಳೆಯ ವಿ-8 ಗರ್ಜನೆಯನ್ನು ಹೋಲುವ ಕೃತಕ ಸದ್ದನ್ನು ಜೋಡಿಸಲಾಗಿದೆ.

ವುಡ್‌ವರ್ಡ್ ಅವೆನ್ಯೂದಿಂದ ಹೆಚ್ಚು ದೂರವಿಲ್ಲದ ಟ್ರಾಯ್ ಪಟ್ಟಣದ ಸ್ಮಶಾನದಲ್ಲಿ ಡಿಲೋರಿಯನ್ ಸಮಾಧಿಯಿದೆ. ಅಲ್ಲಿಯ ಶಿಲೆಯ ಮೇಲೆ ಕೆತ್ತಿರುವುದು ಜಿಟಿಒ ಅಲ್ಲ, ಎರಡೂ ಬಾಗಿಲು ಮೇಲೆತ್ತಿ ನಿಂತ ಡಿಎಂಸಿ-12.