ಹಗುರ ಗುಂಡಿನ ವಕೀಲ

ಕೋವಿಯ ತೋಟಾ ಒಂದರ ಪಕ್ಷ ವಹಿಸಿ ಜೀವಮಾನವಿಡೀ ವಾದಿಸಿದ ಲೇಖಕ ಅಮೆರಿಕದ ಜಾಕ್ ಓಕಾನರ್. 1902ರಲ್ಲಿ ಅರಿಜೋನಾದಲ್ಲಿ ಜನಿಸಿದ ಆತ ಕಾದಂಬರಿಗಳನ್ನೂ ಬರೆದನು, ಪತ್ರಿಕೋದ್ಯಮದ ಪ್ರಾಧ್ಯಾಪಕನೂ ಆಗಿದ್ದನು. ಆದರೆ ಖ್ಯಾತಿ ತಂದುದು 1941ರಿಂದ ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ ಕೋವಿಗಳನ್ನು ಕುರಿತು ಬರೆದ ಲೇಖನಗಳು.

ವಿಂಚೆಸ್ಟರ್ ಕಂಪೆನಿ 1925ರಲ್ಲಿ ಹೊರತಂದ .270 ತೋಟಾ ಆತನಿಗೆ ಪ್ರಿಯ. ಗುಂಡಿನ ತೂಕ 130 ಗ್ರೇನ್, ಎಂದರೆ ಎಂಟೂವರೆ ಗ್ರಾಮಿಗೂ ತುಸು ಕಡಿಮೆ. ವೇಗವೋ ಸೆಕೆಂಡಿಗೆ 3,000 ಅಡಿಗೂ ಮಿಕ್ಕುದು. ಜಿಂಕೆಗೆ ಅದು ಧಾರಾಳ. ಆದರೆ ನಮ್ಮ ಕಡವೆಯನ್ನೂ ಮೀರಿಸುವ ಎಲ್ಕ್ ಮೃಗಕ್ಕೆ? ಸಾಲದು, ಓರೆಯಾಗಿ ನಿಂತ ಮೃಗದ ಎಲುಬು ಮುರಿದು ಒಳಹೊಗಲು ದಪ್ಪನೆಯ ಭಾರದ ಗುಂಡೇ ಬೇಕು ಎಂದು ಹಟ ಹಿಡಿದವನು ಐಡಾಹೋದ ಎಲ್ಮರ್ ಕೀತ್. ಆ ಮಾತನ್ನು ಸುಳ್ಳೆನ್ನಲಾಗದು. ಓಕಾನರನ ಲಕ್ಷ್ಯವಿದ್ದುದು ಬೇಟೆಗಾರನ ಹೆಗಲಿನ ಮೇಲೆ. ಕೋವಿಯ ಒದೆತಕ್ಕೆ ಅಂಜುವವನ ಕೈ ಅದಿರುತ್ತದೆ. ಶ್ವಾಸಕೋಶ ತಪ್ಪಿ ಹೊಟ್ಟೆಗೆ ತಗುಲಿದ ಗುಂಡು ಎಷ್ಟು ದೊಡ್ಡದಾದರೇನು, ಮೃಗ ನರಳುತ್ತ ಕಾಡು ಸೇರುವುದು.

1948ರಲ್ಲಿ ಆತ ಕೀತನ ಐಡಾಹೋದಲ್ಲಿಯೇ ಮನೆ ಮಾಡಿದನು; ಎಲ್ಕ್‌ಗಳನ್ನು .270ರಿಂದಲೇ ಕೆಡವಿದನು. ಪತ್ನಿ ಎಲಿನರ್ ಮೆಚ್ಚಿದ್ದು ಒದೆತ ಇನ್ನೂ ಕಡಿಮೆಯಾದ 7 ಮಿಲಿಮೀಟರ್ ಮೌಸರ್ ತೋಟಾವನ್ನು! 1978ರಲ್ಲಿ, ಹವಾಯಿಯಿಂದ ಹಿಂದಿರುಗುವಾಗ, ಓಕಾನರ್ ಹಡಗಿನಲ್ಲಿಯೇ ತೀರಿಕೊಂಡನು. ಕೀತ್ ಇನ್ನಾರು ವರ್ಷ ಬದುಕಿದ್ದನು, ತನ್ನ ಹಟ ಬಿಡದೆ.