ಬಾರ್ನಬನು

ಕ್ರಿಸ್ತಶಕ 1ನೆಯ ಶತಮಾನದಲ್ಲಿ ಕುಪ್ರದ್ವೀಪದ ಯೋಸೇಫನೆಂಬ ಲೇವಿಯನಿದ್ದನು. ಅವನ ಗುಣವನ್ನು ಕಂಡ ಅಪೊಸ್ತಲರು ಅವನಿಗೆ ಬಾರ್ನಬನೆಂದು ಹೆಸರಿಟ್ಟರು. ಧೈರ್ಯ ತುಂಬುವವನೆಂಬುದು ಅದರ ಭಾವ. ಅವನು ತನ್ನ ಹೊಲವನ್ನು ಮಾರಿ, ಬಂದ ಹಣವನ್ನು ಯೆರೂಸಲೇಮಿನ ಸಭೆಗೆ ಒಪ್ಪಿಸಿದನು. ಹೊಲಕ್ಕಿಂತಲೂ ಬೆಲೆಯುಳ್ಳ ತನ್ನ ಒಳ್ಳೆಯ ಹೆಸರನ್ನು ಮುಂದೆ ಒಬ್ಬ ಹೊಸಬನಿಗಾಗಿ ಪಣಕ್ಕಿಟ್ಟನು.

ಆ ಹೊಸಬನೇ ತಾರ್ಸದ ಸೌಲನು. ಸ್ತೆಫನನ ಕೊಲೆಗೆ ಸಮ್ಮತಿಸಿದವನು. ವಿಶ್ವಾಸಿಗಳ ಮನೆಗಳಿಗೆ ನುಗ್ಗಿ ಹೆಂಗಸರೆನ್ನದೆ ಗಂಡಸರೆನ್ನದೆ ಸೆರೆಗೆ ಹಾಕಿಸಿದವನು. ದಮಸ್ಕದ ಹಾದಿಯಲ್ಲಿ ಮನಸ್ಸು ತಿರುಗಿದ ಮೇಲೆ ಅವನು ಯೆರೂಸಲೇಮಿಗೆ ಬಂದಾಗ ಯಾರೂ ಅವನನ್ನು ನಂಬಲಿಲ್ಲ. ಇದನ್ನು ಕಠಿಣ ಹೃದಯವೆನ್ನಲಾಗದು; ಅವನ ಮಾತು ಕಪಟವಾಗಿದ್ದರೆ ಸಭೆಯೆಲ್ಲವೂ ಸೆರೆಮನೆ ಸೇರಬೇಕಾಗಿತ್ತು. ಬಾರ್ನಬನಾದರೋ ಅವನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು, ನಡೆದುದೆಲ್ಲವನ್ನೂ ತಾನೇ ವಿವರಿಸಿದನು. ಅಂದಿನಿಂದ ಸೌಲನಿಗೆ ಅವರ ನಡುವೆ ಎಡೆ ದೊರೆಯಿತು.

ಹೊಸಬರಿಗೆ ಬಾಗಿಲಲ್ಲಿ ನಗುಮುಖ ತೋರುವುದು ಸುಲಭ. ಒಳಗಿರುವವರ ಮುಂದೆ ಅವರ ಪರವಾಗಿ ನಿಲ್ಲುವುದು ಬೇರೆ ಕೆಲಸ. ಜೂನ್ ತಿಂಗಳಲ್ಲಿ ಶಾಲೆ ಸೇರಿದ ಹುಡುಗಿಗೆ ಮುಖ್ಯೋಪಾಧ್ಯಾಯಿನಿಯ ಸ್ವಾಗತದ ಮಾತಿಗಿಂತ, ಬೆಂಚಿನಲ್ಲಿ ಸರಿದು ಸ್ಥಳ ಕೊಟ್ಟವಳೇ ಹೆಚ್ಚು ನೆನಪಿರುವಳೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು.

ಸಿರಿಯದ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರೂ ಸಭೆಗೆ ಸೇರುತ್ತಿರುವರೆಂಬ ವರ್ತಮಾನ ಬರಲು, ಯೆರೂಸಲೇಮಿನವರು ಬಾರ್ನಬನನ್ನೇ ಕಳುಹಿಸಿದರು. ಅವನು ಕುಂದು ಹುಡುಕದೆ ಸಂತೋಷಪಟ್ಟನು. ತಾರ್ಸಕ್ಕೆ ಹೋಗಿ ಸೌಲನನ್ನು ಕರೆತಂದನು. ಇಬ್ಬರೂ ಒಂದು ವರ್ಷ ಅಲ್ಲಿ ಬೋಧಿಸಿದರು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದುದು ಆ ಊರಿನಲ್ಲಿಯೇ. ಕ್ಲೌದ್ಯ ಚಕ್ರವರ್ತಿಯ ಕಾಲದ (41–54) ಬರಗಾಲದಲ್ಲಿ ಅಂತಿಯೋಕ್ಯದವರು ಕೂಡಿಸಿದ ಹಣವನ್ನು ಯೂದಾಯದ ಸಹೋದರರಿಗೆ ಒಯ್ದವರೂ ಇವರೇ.

ಇಂಥ ಬಾರ್ನಬನೂ ಒಮ್ಮೆ ಎಡವಿದನು. ಅಂತಿಯೋಕ್ಯದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಯೆರೂಸಲೇಮಿನಿಂದ ಕೆಲವರು ಬರಲು, ಪೇತ್ರನು ಅಂಜಿ ಹಿಂದೆ ಸರಿದನು. ಅವನೊಡನೆ ಬಾರ್ನಬನೂ ಸರಿದನು. ಪಂಕ್ತಿಭೇದವನ್ನು ಕಂಡ ನಮ್ಮ ನಾಡಿನವರಿಗೆ ಉಳಿದವರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೌಲನೆಂದು ಹೆಸರಾದ ಸೌಲನೇ ಇದನ್ನು ಎಲ್ಲರ ಮುಂದೆ ಖಂಡಿಸಿದನು.

ಸುಮಾರು 49ನೆಯ ಇಸವಿಯಲ್ಲಿ ಈ ಮಿತ್ರರಿಬ್ಬರೂ ಬೇರೆಯಾದರು. ಬಾರ್ನಬನ ಬಂಧುವಾದ ಮಾರ್ಕನೆಂಬವನು ಮೊದಲನೆಯ ಪ್ರಯಾಣದಲ್ಲಿ ಅವರನ್ನು ನಡುದಾರಿಯಲ್ಲಿ ಬಿಟ್ಟುಹೋಗಿದ್ದನು. ಅವನನ್ನು ಮತ್ತೆ ಕರೆದೊಯ್ಯಲು ಪೌಲನು ಒಪ್ಪಲಿಲ್ಲ. ಕೈಬಿಡಲು ಬಾರ್ನಬನು ಒಪ್ಪಲಿಲ್ಲ. ಬಾರ್ನಬನು ಅವನೊಡನೆ ಕುಪ್ರಕ್ಕೆ ಹಡಗು ಹತ್ತಿದನು. ಸೆರೆಮನೆಯಿಂದ ಕೊಲೊಸ್ಸೆಯವರಿಗೆ ಬಂದ ಪೌಲನ ಪತ್ರದಲ್ಲಿ, ಮಾರ್ಕನು ಬಾರ್ನಬನ ಬಂಧುವೆಂದು ತಿಳಿಸಿ, ಅವನು ಬಂದರೆ ಸೇರಿಸಿಕೊಳ್ಳಬೇಕೆಂದು ಹೇಳಿದೆ.